ಸೀಸದ ಭಾರ, ದೋಣಿಯ ದೀಪ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ 'ಬ್ಯಾಟ್ರಿ' ಎಂದರೆ ಕೈದೀಪ. ರಾತ್ರಿ ಹೊಲಕ್ಕೆ ಹೊರಟ ಮಗನಿಗೆ 'ಬ್ಯಾಟ್ರಿ ತಗೊಂಡ್ ಹೋಗಪಾ' ಎಂದು ತಾಯಿ ಹೇಳಿದರೆ, ಅವಳ ಮನಸ್ಸಿನಲ್ಲಿರುವುದು ಬೆಳಕೇ ಹೊರತು ಅದರೊಳಗಿನ ಸೆಲ್ಲುಗಳಲ್ಲ. ಶಕ್ತಿಯನ್ನು ಕೂಡಿಡುವ ಕೋಶದ ಹೆಸರನ್ನು ನಮ್ಮ ಜನ ಬೆಳಕಿಗೇ ಕೊಟ್ಟುಬಿಟ್ಟಿದ್ದಾರೆ. ಕನ್ನಡದ ಮೇಷ್ಟರಾದ ನನಗೆ ಈ ಅರ್ಥಪಲ್ಲಟ ಬಹಳ ಸೊಗಸಾಗಿ ಕಂಡಿದೆ. ಅದರಲ್ಲಿ ಒಂದು ಮರೆವೂ ಅಡಗಿದೆ. ಬೆಳಕು ಕಣ್ಣಿಗೆ ಕಾಣುತ್ತದೆ. ಅದನ್ನು ಹೊತ್ತ ಭಾರ ಕಾಣುವುದಿಲ್ಲ. ಆ ಭಾರದ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ. ಭಾರವನ್ನು ಅಳೆಯುವುದಕ್ಕೆ ದೋಣಿಗಿಂತ ನಿಷ್ಠುರವಾದ ತಕ್ಕಡಿ ಬೇರೊಂದಿಲ್ಲವಾದ್ದರಿಂದ, ಇದು ದೋಣಿಯ ಕಥೆಯೂ ಹೌದು.

ಈ ಮೂರು ತಾಲ್ಲೂಕುಗಳನ್ನು ಪೋಣಿಸಿರುವುದು ನೀರು. ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಬಳಿ ಅದೇ ಭೀಮೆಯನ್ನು ಸೇತುವೆಯ ಮೇಲೆ ದಾಟುತ್ತಾರೆ. ಸೇತುವೆಗಳು ಬರುವ ಮುನ್ನ ದಾಟಿಸುತ್ತಿದ್ದವನು ಅಂಬಿಗ. ದಖ್ಖನ್ನಿನ ಹೊಳೆಗಳ ಹರಿಗೋಲು ಬಿದಿರಿನ ಹಂದರಕ್ಕೆ ತೊಗಲು ಹೊದಿಸಿದ ಬುಟ್ಟಿ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇಂಥ ದುಂಡು ದೋಣಿಗಳನ್ನು ಕಂಡು, ಅವು ಹದಿನೈದು ಇಪ್ಪತ್ತು ಜನರನ್ನು, ಎತ್ತು ಕುದುರೆಗಳನ್ನು ಸಹ ದಾಟಿಸುತ್ತಿದ್ದವೆಂದು ಬರೆದಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನು ತನ್ನ ಕಸುಬನ್ನೇ ಅಂಕಿತವಾಗಿ ಧರಿಸಿ ಅಂಬಿಗರ ಚೌಡಯ್ಯನೆನಿಸಿಕೊಂಡ. ದಡ ಬಿಡುವ ಮುನ್ನ ಹೇರು ಎಷ್ಟೆಂದು ಕಣ್ಣಳತೆಯಲ್ಲೇ ಎಣಿಸುವುದು ಆ ಕಸುಬಿನ ಮೊದಲ ಪಾಠ. ಹೇರು ಚಿನ್ನದ್ದಾದರೂ ಮಣ್ಣಿನದಾದರೂ ದೋಣಿಗೆ ಒಂದೇ. ಅದು ಬೆಲೆಯನ್ನು ಕೇಳುವುದಿಲ್ಲ, ತೂಕವನ್ನು ಕೇಳುತ್ತದೆ.

ಬ್ಯಾಟರಿಯ ಇತಿಹಾಸವೂ ಬಹುಕಾಲ ಇದೇ ಪ್ರಶ್ನೆಯ ಸುತ್ತ ತಿರುಗಿದೆ. ವಿದ್ಯುತ್ತಿನಿಂದ ದೋಣಿಯನ್ನು ನಡೆಸಬಹುದೆಂದು ಮೊದಲು ತೋರಿಸಿದವರಲ್ಲಿ ಮೊರಿಟ್ಸ್ ಯಾಕೋಬಿ ಪ್ರಮುಖ. ಆತ 1838ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಹತ್ತಾರು ಜನರನ್ನು ಕೂರಿಸಿಕೊಂಡು ದೋಣಿ ನಡೆಸಿದ. ಆದರೆ ಅವನ ಕೋಶಗಳು ಒಮ್ಮೆ ಮುಗಿದರೆ ಮುಗಿದವೇ. ಒಲೆಯಲ್ಲಿ ಸೌದೆ ಉರಿದು ಹೋದಂತೆ ಅವುಗಳೊಳಗಿನ ಸತು ತೀರಿಹೋಗುತ್ತಿತ್ತು. ಮತ್ತೆ ಮತ್ತೆ ತುಂಬಬಹುದಾದ ಕೋಶವನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗ್ಯಾಸ್ತೊನ್ ಪ್ಲಾಂತೆ. ಸೀಸದ ಎರಡು ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ, ಅಷ್ಟೇ. 1881ರಲ್ಲಿ ಕಮೀಲ್ ಫೋರ್ ಎಂಬಾತ ತಗಡಿನ ಮೇಲೆ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಶಕ್ತಿಯನ್ನು ಬಹಳ ಹೆಚ್ಚಿಸಿದ. ಮರುವರ್ಷವೇ ಲಂಡನ್ನಿನ ಥೇಮ್ಸ್ ನದಿಯಲ್ಲಿ 'ಎಲೆಕ್ಟ್ರಿಸಿಟಿ' ಎಂಬ ದೋಣಿ ಇಂಥ ಕೋಶಗಳನ್ನು ಹೊತ್ತು ಸಾಗಿತು. 1893ರ ಷಿಕಾಗೊ ವಿಶ್ವಪ್ರದರ್ಶನದ ಕೊಳಗಳಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ದೋಣಿಗಳು ಲಕ್ಷಾಂತರ ಜನರನ್ನು ಸದ್ದಿಲ್ಲದೆ, ಹೊಗೆಯಿಲ್ಲದೆ ಸುತ್ತಾಡಿಸಿದವು. ಅದೇ ವರ್ಷ, ಅದೇ ಊರಿನಲ್ಲಿ ವಿವೇಕಾನಂದರು ಮಾತನಾಡಿದ್ದನ್ನು ನಾವೆಲ್ಲ ಬಲ್ಲೆವು.

ಆ ವೈಭವ ಹೆಚ್ಚುಕಾಲ ಉಳಿಯಲಿಲ್ಲ. ಪೆಟ್ರೋಲ್ ಇಂಜಿನ್ನು ಬಂದಿತು. ಕೆಲವು ಸೇರು ಎಣ್ಣೆ ಮಾಡುವ ಕೆಲಸಕ್ಕೆ ಸೀಸ ಮಣಗಟ್ಟಲೆ ಬೇಕಾಗುತ್ತಿತ್ತು. ದೋಣಿಯನ್ನು ನಡೆಸುವ ಪದವಿಯಿಂದ ಇಳಿದ ಸೀಸದ ಬ್ಯಾಟರಿ ಎರಡು ಸೇವೆಗಳಿಗೆ ನಿಂತಿತು. ಒಂದು, ಇಂಜಿನ್ನನ್ನು ಹೊರಡಿಸುವುದು. 1912ರ ಕ್ಯಾಡಿಲಾಕ್ ಮೋಟಾರಿನಲ್ಲಿ ಕೈಹಿಡಿಯ ಬದಲು ಬ್ಯಾಟರಿಯೇ ಇಂಜಿನ್ನನ್ನು ತಿರುಗಿಸತೊಡಗಿದ ಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಇನ್ನೊಂದು, ದೋಣಿಯ ಸಂಸಾರವನ್ನು ನೋಡಿಕೊಳ್ಳುವುದು. ಇಂಜಿನ್ನು ನಿಂತಿರುವಾಗ ದೀಪ ಉರಿಯಬೇಕು, ತಳದ ನೀರನ್ನು ಪಂಪು ಹೊರಹಾಕಬೇಕು, ವೈರ್‌ಲೆಸ್ ಮಾತಾಡಬೇಕು. ಈ ಕೆಲಸದ ಬ್ಯಾಟರಿಯನ್ನು ನಾವಿಕರು ದೋಣಿಯ ಮನೆಬ್ಯಾಟರಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಹೊರಡಿಸುವ ಬ್ಯಾಟರಿ ಕುಸ್ತಿಯ ಪೈಲ್ವಾನನಂತೆ. ಕ್ಷಣಕಾಲ ಬಲ ತೋರಿಸಿ ಸುಮ್ಮನಾಗುತ್ತದೆ. ಮನೆಬ್ಯಾಟರಿ ಸಂಸಾರ ತೂಗಿಸುವ ಗೃಹಿಣಿಯಂತೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು.

ಈ ಗೃಹಕೃತ್ಯದಲ್ಲಿ ಸೀಸಕ್ಕೆ ಒಂದು ದೊಡ್ಡ ದೋಷವುಂಟು. ಅದರಲ್ಲಿರುವ ಶಕ್ತಿಯನ್ನು ಪೂರ್ತಿ ಬಳಸುವಂತಿಲ್ಲ. ಶಕ್ತಿ ಹೊರಬರುವಾಗ ಎರಡೂ ಫಲಕಗಳು ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ತುಂಬುವಾಗ ಮತ್ತೆ ಮೊದಲಿನ ರೂಪಕ್ಕೆ ಬರಬೇಕು. ಆಳವಾಗಿ ಬರಿದುಮಾಡಿದರೆ, ಅಥವಾ ತುಂಬದೆ ಹಾಗೆಯೇ ಬಿಟ್ಟರೆ, ಆ ಸಲ್ಫೇಟು ಹರಳುಗಟ್ಟಿ ಕಲ್ಲಾಗುತ್ತದೆ, ಮತ್ತೆ ಕರಗುವುದಿಲ್ಲ. ಆದಕಾರಣ ಬಲ್ಲವರು ಅರ್ಧದಷ್ಟನ್ನು ಮಾತ್ರ ಖರ್ಚುಮಾಡಿ ಅರ್ಧವನ್ನು ಮುಟ್ಟದೆ ಉಳಿಸುತ್ತಾರೆ. ಬಳಸುವಂತಿಲ್ಲದ ಆ ಅರ್ಧವನ್ನೂ ದೋಣಿ ಹೊರಲೇಬೇಕು.

ಲೆಕ್ಕ ಹಾಕಿ ನೋಡೋಣ. ಒಂದು ದೋಣಿಯ ಸಂಸಾರಕ್ಕೆ ಹನ್ನೆರಡು ವೋಲ್ಟಿನಲ್ಲಿ 200 ಆಂಪಿಯರ್-ಗಂಟೆ ವಿದ್ಯುತ್ತು ಬೇಕೆಂದು ಇಟ್ಟುಕೊಳ್ಳಿ. ಸೀಸದಲ್ಲಿ ಅರ್ಧವೇ ಉಪಯೋಗಕ್ಕೆ ಬರುವುದರಿಂದ 400 ಆಂಪಿಯರ್-ಗಂಟೆಯಷ್ಟು ಇಡಬೇಕು. ಅಂದರೆ ನೂರರ ನಾಲ್ಕು ಬ್ಯಾಟರಿ, ಒಂದೊಂದು ಸುಮಾರು 28 ಕಿಲೊ. ಒಟ್ಟು 112 ಕಿಲೊ. ಲಿಥಿಯಂ ಬ್ಯಾಟರಿಯಲ್ಲಿ ಶೇಕಡ 80ರಷ್ಟನ್ನು ಧೈರ್ಯವಾಗಿ ಬಳಸಬಹುದು. ನೂರರ ಮೂರು ಸಾಕು, ಒಂದೊಂದು ಸುಮಾರು 12 ಕಿಲೊ, ಒಟ್ಟು 36. ಉಳಿತಾಯ 76 ಕಿಲೊ, ಅಂದರೆ ಒಬ್ಬ ಆಳಿನ ತೂಕ. ಕಾಗದದ ಮೇಲೆ ಇದು ಸಣ್ಣ ಅಂಕಿ. ಆದರೆ 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳೊಳಗೆ ನುಗ್ಗಿದ್ದನ್ನೂ, ಜನರನ್ನು ದೋಣಿಗಳಲ್ಲಿ ಹೊರತಂದದ್ದನ್ನೂ ನೆನೆದವರಿಗೆ, ದೋಣಿಯೊಳಗೆ ಒಬ್ಬ ಆಳಿನ ಜಾಗವೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದೂ ಸೀಸವೇ ನೂರು ವರ್ಷಕ್ಕೂ ಮೇಲೆ ಆಳಿತು. ಅದಕ್ಕೆ ಪ್ರತಿಸ್ಪರ್ಧಿಯೇ ಇರಲಿಲ್ಲವೆಂದಲ್ಲ. ಲಿಥಿಯಂ ಧಾತುವನ್ನು ಸ್ವೀಡನ್ನಿನ ಆರ್ಫ್ವೆಡ್ಸನ್ ಗುರುತಿಸಿದ್ದು 1817ರಲ್ಲೇ, ಪ್ಲಾಂತೆಯ ಕೋಶಕ್ಕಿಂತ ನಾಲ್ಕು ದಶಕ ಮೊದಲು. ಕಲ್ಲಿನಲ್ಲಿ ದೊರೆತದ್ದರಿಂದ ಗ್ರೀಕ್ ಭಾಷೆಯ ಕಲ್ಲು ಎಂಬರ್ಥದ ಶಬ್ದದಿಂದ ಅದಕ್ಕೆ ಹೆಸರು ಬಂದಿತು. ಹೆಸರು ಕಲ್ಲಾದರೂ ಲೋಹಗಳಲ್ಲೆಲ್ಲ ಅದೇ ಹಗುರ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ. ಲಿಥಿಯಂ ನೀರಿನ ಅರ್ಧದಷ್ಟು ಮಾತ್ರ ತೂಗುವುದರಿಂದ ತಾನೇ ತೇಲುತ್ತದೆ. ಆದರೆ ತೇಲುತ್ತಲೇ ನೀರಿನೊಡನೆ ಜಗಳಕ್ಕೆ ಬೀಳುತ್ತದೆ. ಇಂಥ ಮುಂಗೋಪಿಯನ್ನು ಪಳಗಿಸುವುದಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಗುಡ್‌ಇನಫ್, 1985ರಲ್ಲಿ ಜಪಾನಿನ ಯೊಶಿನೊ, ಒಬ್ಬರ ಹಿಂದೊಬ್ಬರು ದಾರಿ ಮಾಡಿದರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಇವರ ಕೋಶದಲ್ಲಿ ಲಿಥಿಯಂ ಲೋಹದ ಗಟ್ಟಿಯಾಗಿರುವುದಿಲ್ಲ. ಅದರ ಅಯಾನುಗಳು ಎರಡು ಫಲಕಗಳ ಪದರಗಳ ನಡುವೆ ಹೋಗಿಬರುತ್ತವೆ. ತುಂಬುವಾಗ ಆ ದಡಕ್ಕೆ, ಬಳಸುವಾಗ ಈ ದಡಕ್ಕೆ. ಅಂಬಿಗನ ಕೆಲಸವೇ ಸರಿ. ಸೀಸದ ಕೋಶದಲ್ಲಿ ಪ್ರತಿಯೊಂದು ಸಲವೂ ದಡವೇ ಕರಗಿ ಮತ್ತೆ ಕಟ್ಟಿಕೊಳ್ಳಬೇಕು. ಇಲ್ಲಿ ದಡ ನಿಂತಿರುತ್ತದೆ, ದೋಣಿ ಓಡಾಡುತ್ತದೆ. ಸೀಸ ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ಮುದಿಯಾದರೆ, ಲಿಥಿಯಂ ಸಾವಿರಾರು ಸಲ ತಾಳುವುದರ ಗುಟ್ಟು ಬಹುಮಟ್ಟಿಗೆ ಇದೇ.

ದೋಣಿಯವರ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ವರ್ಷ 1997. ಆ ವರ್ಷ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾನಿಲಯದಿಂದ ಹೊರಬಂದ ಒಂದು ಪ್ರಬಂಧ, ದುಬಾರಿಯಾದ ಕೋಬಾಲ್ಟಿನ ಬದಲು ಕಬ್ಬಿಣ ಮತ್ತು ಫಾಸ್ಫೇಟುಗಳಿಂದ ಧನಫಲಕ ಮಾಡಬಹುದೆಂದು ತೋರಿಸಿತು. ಬರೆದವರು ಮೂವರು: ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಈ ಲಿಥಿಯಂ-ಕಬ್ಬಿಣ-ಫಾಸ್ಫೇಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ನಾಲ್ಕು ಕೋಶ ಜೋಡಿಸಿದರೆ 12.8 ವೋಲ್ಟಾಗಿ, ಸೀಸದ ಆರು ಕೋಶಗಳ ಜಾಗಕ್ಕೆ ಸರಿಹೊಂದುತ್ತದೆ. ಇಂದು ದೋಣಿಗಳ ಮನೆಬ್ಯಾಟರಿಯಾಗಿ ಸೀಸವನ್ನು ಕೆಳಗಿಳಿಸುತ್ತಿರುವುದು ಹೆಚ್ಚಾಗಿ ಇದೇ. ನಂಜುಂಡ ಎಂಬ ಹೆಸರು ಕನ್ನಡದ ಕಿವಿಗೆ ಎಷ್ಟು ಹತ್ತಿರದ್ದೆಂದು ಹೇಳಬೇಕಾಗಿಲ್ಲ. ಸೀಸದ ನಂಜಿನಿಂದ ಬಿಡುಗಡೆಯ ದಾರಿ ತೋರಿಸಿದವರ ಸಾಲಿನಲ್ಲಿ ಆ ಹೆಸರು ಕೂತಿರುವುದು ಯೋಗಾಯೋಗ.

ಬದಲಾವಣೆ ಎಲ್ಲಿಯವರೆಗೆ ಬಂದಿದೆಯೆಂಬುದಕ್ಕೆ ಎರಡು ನಿದರ್ಶನ ಸಾಕು. ಸೀಸದ ಬ್ಯಾಟರಿಯ ಭದ್ರಕೋಟೆಯೆಂದರೆ ಜಲಾಂತರ್ಗಾಮಿ ನೌಕೆ. 1900ರಲ್ಲಿ ಅಮೆರಿಕದ ನೌಕಾಪಡೆ ಸೇರಿದ 'ಹಾಲೆಂಡ್' ನೀರೊಳಗೆ ಸಾಗಿದ್ದು ಸೀಸದ ಬಲದಿಂದ. ಅದರೊಳಗಿನ ಆಮ್ಲಕ್ಕೆ ಸಮುದ್ರದ ಉಪ್ಪುನೀರು ಸೇರಿದರೆ ಕ್ಲೋರೀನ್ ವಿಷಾನಿಲವೇಳುವ ಭಯ ಅಂಥ ನಾವಿಕರಿಗೆ ತಲೆತಲಾಂತರದ್ದು. ಆ ಕೋಟೆಯಲ್ಲೇ 2020ರ ಮಾರ್ಚಿನಲ್ಲಿ ಬಿರುಕು ಬಿಟ್ಟಿತು. ಜಪಾನಿನ 'ಓರ್ಯು' ನೌಕೆ ಸೀಸವನ್ನು ಬಿಟ್ಟು ಲಿಥಿಯಂ ಬ್ಯಾಟರಿಗಳೊಡನೆ ಸೇವೆಗೆ ಸೇರಿತು. ಇನ್ನೊಂದು ನಮ್ಮ ನೆರೆಯದು. ಕೇರಳದ ವೈಕಂ ಮತ್ತು ತವಣಕ್ಕಡವುಗಳ ನಡುವೆ ವೇಂಬನಾಡು ಹಿನ್ನೀರಿನಲ್ಲಿ 2017ರ ಜನವರಿಯಲ್ಲಿ 'ಆದಿತ್ಯ' ಎಂಬ ಸೌರದೋಣಿ ಓಡಾಟ ಆರಂಭಿಸಿತು. 75 ಜನ ಕೂರುವ ಆ ದೋಣಿಯ ಚಾವಣಿಯಲ್ಲಿ ಸೌರಫಲಕ, ಒಡಲಲ್ಲಿ ಲಿಥಿಯಂ ಬ್ಯಾಟರಿ. ಯಾಕೋಬಿಯ ನೇವಾ ಸಾಹಸಕ್ಕೂ ಇದಕ್ಕೂ ನಡುವೆ ಸುಮಾರು 180 ವರ್ಷ.

ಇಷ್ಟು ಓದಿದವರು, ಹಾಗಾದರೆ ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನಿಟ್ಟರೆ ಮುಗಿಯಿತಲ್ಲವೇ ಎನ್ನಬಹುದು. ಮುಗಿಯುವುದಿಲ್ಲ. ಈ ಇತಿಹಾಸದ ತಿರುಳಿರುವುದೇ ಇಲ್ಲಿ. ಸೀಸಕ್ಕಾಗಿ ರೂಪಿಸಿದ ವ್ಯವಸ್ಥೆ ಸೀಸದ ಸ್ವಭಾವವನ್ನು ನಂಬಿ ಕಟ್ಟಿದ್ದು. ಸೀಸ ತುಂಬುತ್ತ ಬಂದಂತೆ ತಾನಾಗಿಯೇ ಕಡಮೆ ವಿದ್ಯುತ್ತನ್ನು ಎಳೆಯುತ್ತದೆ. ಲಿಥಿಯಂ ಕೊಟ್ಟಷ್ಟನ್ನೂ ಕೊನೆಯವರೆಗೆ ಕುಡಿಯುತ್ತದೆ. ಅದರ ಹಸಿವಿಗೆ ಬಡಿಸುತ್ತಾ ಇಂಜಿನ್ನಿನ ಆಲ್ಟರ್ನೇಟರ್ ಕಾದು ಸುಟ್ಟುಹೋದ ನಿದರ್ಶನಗಳುಂಟು. ಕೋಶಗಳಿಗೆ ಅಪಾಯ ಕಂಡರೆ ಲಿಥಿಯಂ ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟು ತಟ್ಟನೆ ಸಂಬಂಧ ಕಡಿದುಬಿಡುತ್ತದೆ. ಓಡುತ್ತಿರುವ ಆಲ್ಟರ್ನೇಟರಿನ ವೋಲ್ಟೇಜು ಆಗ ಒಮ್ಮೆಲೇ ನೆಗೆದು ಅದರ ಡಯೋಡುಗಳನ್ನು ಕೆಡಿಸಬಹುದು. ಸೀಸದ ವೋಲ್ಟೇಜು ಇಳಿಯುವುದನ್ನು ನೋಡಿ ಎಷ್ಟು ಉಳಿದಿದೆಯೆಂದು ಅಂದಾಜು ಮಾಡಬಹುದು. ಲಿಥಿಯಂ ಬರಿದಾಗುವ ತನಕ ಬಹುಮಟ್ಟಿಗೆ ಒಂದೇ ಮುಖ ತೋರಿಸುತ್ತದೆ. ಹಳೆಯ ಮೀಟರನ್ನು ನಂಬಿದವನು ನಡುನೀರಿನಲ್ಲಿ ಕತ್ತಲಾದಾಗಲೇ ಅರಿಯುತ್ತಾನೆ. ಆದ್ದರಿಂದ ಚಾರ್ಜರು, ರೆಗ್ಯುಲೇಟರು, ಫ್ಯೂಸು, ಮೀಟರು ಎಲ್ಲವನ್ನೂ ಹೊಸ ಒಡೆಯನಿಗೆ ತಕ್ಕಂತೆ ಹೊಂದಿಸಬೇಕು.

ಇನ್ನೂ ವಿಚಿತ್ರವಾದದ್ದು ನಡವಳಿಕೆಯ ಬದಲಾವಣೆ. ಸೀಸ ಯಾವಾಗಲೂ ತುಂಬಿರಬೇಕೆಂದು ಬಯಸುತ್ತದೆ. ಅರ್ಧ ಖಾಲಿಯಾಗಿ ಬಿಟ್ಟರೆ ಕೆಡುತ್ತದೆ. ಲಿಥಿಯಂ ಅರ್ಧದಷ್ಟಿದ್ದರೆ ನೆಮ್ಮದಿಯಿಂದಿರುತ್ತದೆ. ತಿಂಗಳುಗಟ್ಟಲೆ ತುಂಬಿಟ್ಟರೆ, ಅದರಲ್ಲಿಯೂ ಬಿಸಿಲಿನಲ್ಲಿ, ಆಯುಸ್ಸು ಕಳೆದುಕೊಳ್ಳುತ್ತದೆ. ಹಳೆಯ ಸಂಸಾರದ ಸದ್ಗುಣ ಹೊಸ ಸಂಸಾರದ ದೋಷವಾಗುತ್ತದೆ. ಎಚ್ಚರ ತಪ್ಪಿದರೆ ಫಲ ಸಣ್ಣದಲ್ಲ. 2019ರ ಅಕ್ಟೋಬರಿನಲ್ಲಿ ನಾರ್ವೆಯ ಒಂದು ದಾಟುಹಡಗಿನ ಲಿಥಿಯಂ ಬ್ಯಾಟರಿ ಕೋಣೆಗೆ ಬೆಂಕಿ ಬಿದ್ದು, ಆರಿತೆಂದುಕೊಂಡ ಮರುದಿನ ಅನಿಲ ಸ್ಫೋಟಿಸಿತು.

ಪಟ್ಟಣದ ವಾಚಕರು, ನಮಗೆ ದೋಣಿಯೆಲ್ಲಿಯದು ಎನ್ನುವಂತಿಲ್ಲ. ಕರೆಂಟು ಹೋದ ಕ್ಷಣ ನಮ್ಮ ಮನೆಯೂ ದಡ ಬಿಟ್ಟ ದೋಣಿಯೇ. ಮೆಟ್ಟಿಲಡಿಯ ಇನ್ವರ್ಟರಿನ ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರು ಕುಡಿಯುತ್ತ ಕೂತಿರುವುದು ಪ್ಲಾಂತೆಯ ಕೋಶದ ಮೊಮ್ಮಗ. ಅದನ್ನೂ ಇಂದು ಲಿಥಿಯಂ ಕೆಳಗಿಳಿಸತೊಡಗಿದೆ. ದೋಣಿಯವರು ಕಲಿತ ಪಾಠ ನಮಗೂ ಅನ್ವಯಿಸುತ್ತದೆ.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ದೋಣಿಯಿಂದ ಇಳಿಸಿದ ಭಾರವನ್ನು ಯಾರ ಮೇಲೆ ಇಳಿಸುತ್ತೇವೆ? ಹಳೆಯ ಸೀಸದ ಬ್ಯಾಟರಿಗೆ ಗುಜರಿಯವನು ಕಾಸು ಕೊಡುತ್ತಾನೆ. ಆದ್ದರಿಂದ ಅದು ಬೀದಿಯಲ್ಲಿ ಬೀಳದೆ ಕುಲುಮೆಗೆ ಮರಳುತ್ತದೆ. ಆದರೆ ಮರಳುವ ದಾರಿ ಯಾವಾಗಲೂ ನೇರವಾದುದಲ್ಲ. ಪೆಟ್ಟಿಗೆಯನ್ನು ಕೈಯಿಂದ ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ಬಯಲು ಒಲೆಯಲ್ಲಿ ಸೀಸ ಕರಗಿಸುವ ಕಡೆಗಳಲ್ಲಿ ಅದರ ಧೂಳು ಮಕ್ಕಳ ರಕ್ತ ಸೇರುತ್ತದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಪಡಬೇಕಾದಷ್ಟು ಸೀಸವಿದೆಯೆಂದೂ, ಅದರ ದೊಡ್ಡ ಕಾರಣಗಳಲ್ಲಿ ಹೀಗೆ ಬ್ಯಾಟರಿ ಒಡೆಯುವುದೊಂದೆಂದೂ ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ನಮ್ಮ ದೇಶ 2000ದಲ್ಲಿ ನಿಲ್ಲಿಸಿತು. ಬ್ಯಾಟರಿಯ ಸೀಸ ಹಾಗೆಯೇ ಉಳಿಯಿತು.

ಲಿಥಿಯಂ ಫಾಸ್ಫೇಟಿನಲ್ಲಿ ಆ ನಂಜಿಲ್ಲ. ಆದರೆ ಅದಕ್ಕೆ ಗುಜರಿಯಲ್ಲಿ ಸೀಸದಷ್ಟು ಬೆಲೆಯೂ ಇಲ್ಲ. ಕಬ್ಬಿಣ ಫಾಸ್ಫೇಟುಗಳನ್ನು ಬಿಡಿಸಿಕೊಳ್ಳುವ ಖರ್ಚು ಗಿಟ್ಟುವುದು ಕಷ್ಟ. ಬೆಲೆಯಿಲ್ಲದ್ದು ತಾನಾಗಿ ಮರಳುವುದಿಲ್ಲ; ಮರಳಿಸಬೇಕು. 2001ರ ನಿಯಮಗಳು ಸೀಸದ ಬ್ಯಾಟರಿಗಳ ಮಟ್ಟಿಗಿದ್ದವು. 2022ರ ಆಗಸ್ಟಿನಲ್ಲಿ ಹೊರಬಂದ ಬ್ಯಾಟರಿ ತ್ಯಾಜ್ಯ ನಿಯಮಗಳು ಲಿಥಿಯಂ ಸೇರಿದಂತೆ ಎಲ್ಲ ಬಗೆಯ ಬ್ಯಾಟರಿಗಳನ್ನೂ ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಣೆ ಕಾಗದದಿಂದ ಅಂಗಡಿಯ ಕಟ್ಟೆಗೆ ಇಳಿಯಬೇಕಾದರೆ, ಹೊಸದನ್ನು ಕೊಳ್ಳುವ ದಿನವೇ ಹಳೆಯದು ಎಲ್ಲಿಗೆ ಹೋಗುತ್ತದೆಂದು ಕೇಳುವ ಗಿರಾಕಿ ಬೇಕು.

ಕೇಳುವ ಕಾರಣ ನಮ್ಮ ಸೀಮೆಗೆ ಇನ್ನೂ ಒಂದುಂಟು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಸುಮಾರು 1,600 ಟನ್ನು ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಜೇವರ್ಗಿಯ ಮಗ್ಗುಲಿನ ಯಾದಗಿರಿ ಜಿಲ್ಲೆಯಲ್ಲಿಯೂ ಅದು ಪ್ರಾಥಮಿಕ ಶೋಧನೆ ನಡೆಸಿದೆಯೆಂದು ಸರ್ಕಾರ 2024ರಲ್ಲಿ ಸಂಸತ್ತಿಗೆ ತಿಳಿಸಿತು. ಜಗತ್ತು ವರ್ಷವೊಂದರಲ್ಲಿ ಅಗೆಯುವ ಲಿಥಿಯಂ 2022ರಲ್ಲೇ ಲಕ್ಷ ಟನ್ನು ದಾಟಿತ್ತು; ಅದರ ಮುಂದೆ 1,600 ಟನ್ನು ಬೊಗಸೆಯ ನೀರು. ಆದರೂ ಕಲ್ಲು ಒಡೆಯುವುದಾದರೆ ಒಡೆಯುವುದು ಯಾರದೋ ಹೊಲದಲ್ಲಿ, ಯಾರದೋ ಬಾವಿಯ ಪಕ್ಕದಲ್ಲಿ. ಒಮ್ಮೆ ಅಗೆದದ್ದನ್ನು ಮತ್ತೆ ಮತ್ತೆ ಬಳಸಿದಷ್ಟೂ ಆ ಹೊಲ ಉಳಿಯುತ್ತದೆ.

ಹೊಸ ಬ್ಯಾಟರಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಹಗುರ, ದೀರ್ಘಾಯು, ಸೀಸದ ನಂಜಿಲ್ಲದ್ದು. ಭೀಮೆ ಮತ್ತೆ ಉಕ್ಕಿದ ದಿನ ರಕ್ಷಣೆಗೆ ಬರುವ ದೋಣಿಯಲ್ಲಿ ಅದೇ ಇರಲಿ, ಉಳಿದ ಜಾಗದಲ್ಲಿ ಇನ್ನೊಬ್ಬರು ಕೂರಲಿ. ನನ್ನ ಮಾತು ಇಷ್ಟೆ. ಪೆಟ್ಟಿಗೆಯ ಜೊತೆಗೆ ಅದನ್ನು ನಡೆಸಿಕೊಳ್ಳುವ ತಿಳಿವಳಿಕೆಯೂ, ಮುಗಿದಾಗ ಮರಳಿಸುವ ಏರ್ಪಾಡೂ ಬರಬೇಕು. ಇವೆರಡನ್ನೂ ಎಣಿಸದೆ ಹೇರು ಹಗುರವಾಯಿತೆಂದು ಹೇಳಿದರೆ, ನಮ್ಮ ಹಳೆಯ ಅಂಬಿಗರು ಯಾರೂ ಒಪ್ಪುತ್ತಿರಲಿಲ್ಲ.